ಹಲಗೆಯ ಮೇಲಿನ ಹೆಸರು

ಆಸರೆಗಿಟ್ಟಿದ್ದ ಮರದ ಅಚ್ಚನ್ನು ಎಳೆದು ತೆಗೆದ ಮೇಲೂ ಅಯಿಂಪೋಕಾ ಕಟ್ಟಿದ ಮಣ್ಣಿಟ್ಟಿಗೆಯ ಕಮಾನು ನಿಂತೇ ಇತ್ತು. ಆದರೂ ಕುಸಿದೀತೆಂದು ಬೋಲ್ಗಾ ಊರಿನ ಕಟ್ಟಡ ಕೆಲಸದ ಶಾಲೆಯ ಒಬ್ಬರೂ ಅದರಡಿ ಕಾಲಿಡಲಿಲ್ಲ. ಗಂಡ ಸತ್ತ ಮೇಲೆ ಕೆಲಸ ಕಲಿಯಲು ಬಂದ ಅಯಿಂಪೋಕಾ ಕರಣೆ ಹಿಡಿದು ಆರೇ ವಾರವಾಗಿತ್ತು.

ಮುದಿ ಮೇಷ್ಟ್ರು ಅಕೋಲ್ಗೊ ಸ್ಟೂಲು ತಂದು ಕಮಾನಿನ ಕೆಳಗೆ ನಟ್ಟನಡುವೆ ಕೂತರು. "ಬಾಯಾರಿದೆ, ಸ್ವಲ್ಪ ಜೋಳದ ಬೀರು ತಾರಮ್ಮ."

"ಮೊದ್ಲು ಎದ್ದು ಬನ್ನಿ ಮೇಷ್ಟ್ರೇ! ಕಮಾನು ಬಿದ್ದುಗಿದ್ದು ಬಿಟ್ರೆ ನಿಮ್ಮ ಮನೆಯವ್ರಿಗೆ ನಾನೇನು ಹೇಳ್ಲಿ?"

"ಮುಂದಿನ ತಿಂಗಳು ಹೆಂಗಸರಿಗೆ ಕಮಾನು ಕಲಿಸೋಳು ನೀನೇ ಅಂತ ಹೇಳು. ಬಾಗಿಲ ಹಲಗೆ ಮೇಲೆ ನಿನ್ನ ಹೆಸರು ಬರೆದಾಯ್ತು."

"ಯಾವಾಗ ಬರೆದ್ರಿ?"

"ಬೆಳಿಗ್ಗೆ. ಅಚ್ಚು ತೆಗೆಯೋಕೆ ಮುಂಚೆ."

ಅವಳು ಸೋರೆಬುರುಡೆಯ ತುಂಬ ಬೀರು ತಂದು, ಕಮಾನಿನ ಕೆಳಗೇ ಮಂಡಿಯೂರಿ, ಎರಡೂ ಕೈಯಿಂದ ಕೊಟ್ಟಳು.