ಅಪ್ಪ ನ್ಯೂಟ್ರಲ್ ಮಾಡಿದ್ದು

ಲಾರಿಯ ಬ್ರೇಕು ಕಾದು ಸುಟ್ಟ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಶಿಕಾರಿಪುರದಿಂದ ಆನವಟ್ಟಿಗೆ ಬಸ್ಸು ಓಡಿಸುತ್ತಿದ್ದ. ಅವತ್ತು ಸಂತೆಗೆಂದು ಅವ್ವನೂ ನಾನೂ ಅದೇ ಬಸ್ಸು ಹತ್ತಿದ್ದೆವು. ಮೇಲೆ ಭತ್ತದ ಚೀಲಗಳನ್ನು ಹೇರಿದ್ದರು. ಮುಂದಿನ ಸೀಟಿನಲ್ಲಿ ಬಸ್ಸಿನ ಮಾಲೀಕರು ಕೂತಿದ್ದರು.

ಇಳಿಜಾರು ಬಂದಾಗ ಅವರು, "ನ್ಯೂಟ್ರಲ್ ಮಾಡೋ, ಡೀಸೆಲ್ ಉಳೀತದೆ," ಎಂದರು.

"ಲೋಡ್ ಭಾಳ ಐತ್ರೀ. ಗೇರಿನಾಗ ಇದ್ರೆ ಇಂಜಿನ್ನೇ ಹಿಡಿದು ಇಳಸ್ತೈತಿ. ಬರೀ ಬ್ರೇಕ್ ನಂಬಾಕ ಆಗಲ್ಲ," ಅಂದ ಅಪ್ಪ.

"ಡೀಸೆಲ್ ಹಾಕ್ಸೋನು ನಾನು. ಹೇಳಿದಷ್ಟು ಮಾಡು."

ಅಪ್ಪ ನ್ಯೂಟ್ರಲ್ ಮಾಡಿದ. ಇಂಜಿನ್ನಿನ ಸದ್ದು ತಗ್ಗಿತು, ಕಿಟಕಿಯ ಗಾಳಿ ಜೋರಾಯಿತು, ಆಮೇಲೆ ಆ ವಾಸನೆ ಬಂತು. ಎಷ್ಟು ತುಳಿದರೂ ಬ್ರೇಕು ಹಿಡಿಯಲಿಲ್ಲ. ಮತ್ತೆ ಗೇರಿಗೆ ಹಾಕಲು ಹೋದರೆ ಅದು ಕಿರುಚಿತೇ ಹೊರತು ಬೀಳಲಿಲ್ಲ. ಚಕ್ರಕ್ಕೆ ಕೊಡುವ ಮರದ ತುಂಡು ಹಿಡಿದು ಕಂಡಕ್ಟರ್ ಬಸಣ್ಣ ಕೆಳಗೆ ಹಾರಿದ. ಬಸ್ಸು ಮಣ್ಣಿನ ದಿಬ್ಬಕ್ಕೆ ಗುದ್ದಿ ನಿಂತಿತು. ಬಸಣ್ಣ ಮತ್ತೆ ಏಳಲಿಲ್ಲ.

ಪೊಲೀಸರು ಬಂದಾಗ ಮಾಲೀಕರು ಅಪ್ಪನತ್ತ ಕೈ ತೋರಿಸಿ, "ಇವನೇ ನ್ಯೂಟ್ರಲ್ ಮಾಡಿದ್ದು," ಎಂದರು. ಎಲ್ಲವನ್ನೂ ಕೇಳಿಸಿಕೊಂಡಿದ್ದ ಜನ ನೆಲ ನೋಡುತ್ತಾ ನಿಂತಿದ್ದರು.

ಅವ್ವ ಮಾತ್ರ, "ನೀವೇ ಹೇಳಿದ್ರಲ್ರೀ!" ಎಂದು ಕೂಗಿದಳು.

ಅಪ್ಪ ರಸ್ತೆಯಲ್ಲಿ ಬಿದ್ದಿದ್ದ ಬಸಣ್ಣನನ್ನೇ ನೋಡುತ್ತಿದ್ದ. "ಸುಮ್ನಿರು," ಎಂದ. "ಗೇರ್ ತೆಗೆದಿದ್ದು ನನ್ನ ಕೈಯೇ."

"ಬರ್ಕೊಳ್ಳಿ ಸಾಹೇಬ್ರೆ," ಎಂದರು ಮಾಲೀಕರು. "ಅವನೇ ಒಪ್ಕೊಂಡ."