ಮೇಜಿನ ಮರ್ಯಾದೆ

ಕ್ಲಬ್ಬಿನ ಕಾರ್ಯದರ್ಶಿ ಸಹಿ ಹಾಕಿದರಷ್ಟೇ ಆಕೆಗೆ ಸದಸ್ಯತ್ವ. ಅದಕ್ಕೂ ಮುನ್ನ ಅವರೊಡನೆ ಒಂದಾಟ ಬಿಲಿಯರ್ಡ್ಸ್ ಆಡಬೇಕಿತ್ತು. ಕೋಲಿನಿಂದ ಅವರು ಹೊಡೆಯಬೇಕಾದದ್ದು ಬಿಳಿ ಚೆಂಡು, ಆಕೆ ಹಳದಿ.

"ಆಟ ಯಾರಿಗಾದ್ರೂ ಬರತ್ತಮ್ಮ, ಮರ್ಯಾದೆ ಬರಬೇಕು," ಎಂದರು. "ಎದುರಿನವರು ಹೊಡೆಯೋವಾಗ ಕಣ್ಣಿಗೆ ಅಡ್ಡ ನಿಲ್ಲಬಾರದು. ಮೇಜಿನ ಮೇಲೆ ಕಾಫಿ ಲೋಟ ಇಡಬಾರದು. ಮುಖ್ಯವಾಗಿ, ಅವರ ಸರದಿ ಮುಗಿಯೋತನಕ ತುಟಿ ಬಿಚ್ಚಬಾರದು."

"ಸರಿ ಸಾರ್."

ಆಕೆಯ ಮೊದಲ ಸರದಿ ಬೇಗ ಮುಗಿಯಿತು. ಕಾರ್ಯದರ್ಶಿಗಳು ಉಪದೇಶ ಮುಂದುವರಿಸುತ್ತಲೇ ಮೂವತ್ತೆಂಟು ಅಂಕ ಗಳಿಸಿದರು. ಆಮೇಲೊಂದು ಏಟು ತಪ್ಪಿತು. ಆಕೆ ಕುರ್ಚಿಯಲ್ಲಿ ಮಿಸುಕಾಡದೆ ಕುಳಿತಿದ್ದಳು.

"ಭೇಷ್! ಒಂದು ಮಾತೂ ಆಡಲಿಲ್ಲ!" ಅರ್ಜಿಗೆ ಸಹಿ ಹಾಕಿ, ಪೆನ್ನು ಜೇಬಿಗಿಟ್ಟರು. "ಈಗ ಹೇಳಮ್ಮ, ಹೇಗಿತ್ತು ನನ್ನಾಟ?"

"ಚೆನ್ನಾಗಿತ್ತು ಸಾರ್. ಆದ್ರೆ ಇಷ್ಟು ಹೊತ್ತೂ ನೀವು ಹೊಡೆದಿದ್ದು ನನ್ನ ಹಳದಿ ಚೆಂಡು."