ಮೇಸ್ತ್ರಿಯ ಶಿಷ್ಯ

ಹುಸೇನಪ್ಪ ಮೇಸ್ತ್ರಿಯ ಅನ್ನ ಕಿತ್ತುಕೊಳ್ಳಲು ತಂದ ಯಂತ್ರಕ್ಕೆ ಅವನ ಕೈಯಿಂದಲೇ ಗಾರೆ ಕೆಲಸ ಕಲಿಸಿದರು. ಒಂದು ತಿಂಗಳು ಅವನ ಕೈಗೆ ತಂತಿಯ ಗ್ಲೌಸು, ಹಣೆಗೆ ಕ್ಯಾಮೆರಾ, ಬಾಯಿಗೆ ಮೈಕು. ಅವನು ಮಾಡಿದ್ದು, ಆಡಿದ್ದು ಒಂದನ್ನೂ ಬಿಡದೆ ಯಂತ್ರ ನುಂಗಿತು.

ಇವತ್ತು ಮಾಲೀಕರೆದುರು ಅದರ ಪರೀಕ್ಷೆ. ಪಾಸಾದರೆ ನಾಳೆಯಿಂದ ಹುಸೇನಪ್ಪ ಬರುವಂತಿಲ್ಲ.

"ನಿನ್ನ ಶಿಷ್ಯ ಕಣಯ್ಯ, ಆಶೀರ್ವಾದ ಮಾಡು," ಎಂದು ಎಂಜಿನಿಯರ್ ನಕ್ಕ.

"ಮಾಡೀನ್ರೀ ಸಾಹೇಬ್ರ. ಭಾಳ ಶಾಣ್ಯಾ ಅದಾನ, ಚಾ ಸೈತ ಕೇಳಂಗಿಲ್ಲ."

ಎಂಜಿನಿಯರ್ ಗುಂಡಿ ಒತ್ತಿದ. ಯಂತ್ರ ಕರಣೆ ತುಂಬ ಗಾರೆ ಎತ್ತಿಕೊಂಡು ಗೋಡೆಯ ಬಳಿ ಹೋಯಿತು. ಇನ್ನೊಂದು ಕೈಯಿಂದ ಇಟ್ಟಿಗೆಯನ್ನು ಸವರಿ ನೋಡಿತು. ಆಮೇಲೆ ಗಾರೆಯನ್ನು ತಿರುಗಿ ಬುಟ್ಟಿಗೇ ಸುರಿಯಿತು.

ಗಾರೆ ಬಳಿಯುವ ಮೊದಲು ಹೊಡೆಯಬೇಕಾದ ನೀರನ್ನು ಗೋಡೆಗೆ ಯಾರೂ ಹೊಡೆದಿರಲಿಲ್ಲ. ಅದು ಎಂಜಿನಿಯರನಿಗೂ ಗೊತ್ತಿತ್ತು. ಮಾಲೀಕರು ಗಡಿಯಾರ ನೋಡಿಕೊಂಡರು. ಹುಸೇನಪ್ಪ ಮೀಸೆಯಡಿ ನಗು ಅದುಮಿಕೊಂಡ.

"ಒಣಗಿದ್ರೆ ಒಣಗಿರ್ಲಿ, ಸುಮ್ನೆ ಬಳಿ!" ಎಂದು ಎಂಜಿನಿಯರ್ ಯಂತ್ರಕ್ಕೆ ಗದರಿದ.

ಯಂತ್ರ ಕರಣೆ ಕೆಳಗಿಟ್ಟು, ಥೇಟ್ ಹುಸೇನಪ್ಪನ ದನಿಯಲ್ಲಿ ಹೇಳಿತು: "ನಾ ಒಲ್ಲೇರೀ ಸಾಹೇಬ್ರ. ನಾಳೆ ಗೋಡಿ ಬಿರುಕು ಬಿಟ್ರ ಹೆಸರು ಕೆಡೋದು ನಂದು."